ಕಂಬದ ಮೇಲಿನ ಪಟ್ಟಿ

ಪ್ರೇಮಲೀಲಾ ಯಾರಿಗೂ ಇಲ್ಲ ಎಂದವಳಲ್ಲ. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಯಂತ್ರಗಳ ರಿಪೇರಿಗೆ ಸೇರಿ ಹನ್ನೊಂದು ವರ್ಷವಾಗಿತ್ತು. ರಾಜೀವನಗರದಿಂದ ಎರಡು ಬಸ್ಸು ಬದಲಿಸಿ ಬಂದು ಕೂರುವಷ್ಟರಲ್ಲೇ ಸಂಜೆಯಾದಷ್ಟು ದಣಿವು.

2006ರಲ್ಲಿ ಶೆಡ್ಡಿನ ಕ್ರೇನಿಗೆ ವೈರ್‌ಲೆಸ್ ಬಂತು. ಕಂಬದ ತುದಿಯಲ್ಲೊಂದು ಬೂದು ಪೆಟ್ಟಿಗೆ. ಕ್ರೇನು ನಡೆಸುವ ಸಣ್ಣಮಾದಯ್ಯ ಕೆಳಗೆ ನಿಂತು ಗುಂಡಿ ಒತ್ತಿದರೆ ಅಪ್ಪಣೆ ಅದರ ಮೂಲಕವೇ ಕ್ರೇನಿಗೆ ಹೋಗಬೇಕು. ಅರೆಕ್ಷಣ ತಡವಾದರೂ ಕ್ರೇನು ತಾನಾಗಿ ನಿಂತುಬಿಡುತ್ತದೆ. ಬೇರೆಯವು ನುಗ್ಗಿ ಅಪ್ಪಣೆ ತಡವಾಗದಿರಲೆಂದೇ ಪೆಟ್ಟಿಗೆಯೊಳಗೊಂದು ಪಟ್ಟಿ. ಪಟ್ಟಿಯಲ್ಲಿ ಯಾವ ಯಂತ್ರದ ನಂಬರಿದೆಯೋ ಅದಕ್ಕಷ್ಟೇ ದಾರಿ, ಉಳಿದವಕ್ಕೆ ಬಾಗಿಲು ಬಂದ್. ಮೊದಲ ದಿನ ಅವಳು ಸೇರಿಸಿದ್ದು ಆರು ನಂಬರು: ಕ್ರೇನಿನ ಬೇರೆಬೇರೆ ಭಾಗಗಳವು ಐದು, ತನ್ನ ಕಂಪ್ಯೂಟರಿನದು ಒಂದು.

ಆ ಪೆಟ್ಟಿಗೆಯಿಂದ ಇಂಟರ್ನೆಟ್ಟೂ ಸಿಗುತ್ತದೆಂದು ಸ್ಟೋರ್ಸಿನ ಮಹದೇವಪ್ರಸಾದ್ ಅವರ ಕಿವಿಗೆ ಯಾರೋ ಹಾಕಿದರು.

"ನಂದೊಂದು ಲ್ಯಾಪ್‌ಟಾಪ್ ಸೇರಿಸ್ಬುಡಿ ಮೇಡಂ. ನಿಮ್ಮ ಗಂಟೇನು ಹೋಗ್ತದೆ?"

ಸೇರಿಸಿದಳು. ಆಮೇಲೆ ಅವರ ಗೆಳೆಯರದು, ಟೈಮ್ ಆಫೀಸಿನದು. ಬೆಟ್ಟದ ಪ್ರಸಾದವೆಂದು ಕೈಗೆ ಲಡ್ಡು ಕೊಟ್ಟು, ಅದು ಬಾಯಲ್ಲಿರುವಾಗಲೇ ನಂಬರಿನ ಚೀಟಿ ಮುಂದೆ ಹಿಡಿದವರೂ ಇದ್ದರು. ಪಟ್ಟಿ ಮೂವತ್ನಾಲ್ಕಕ್ಕೆ ಮುಟ್ಟಿತು.

ಕ್ರೇನು ನಡುದಾರಿಯಲ್ಲಿ ನಿಲ್ಲತೊಡಗಿತು. ಕ್ರಿಕೆಟ್ ಇದ್ದ ದಿನವಂತೂ ಎಲ್ಲರೂ ಇಂಟರ್ನೆಟ್ಟಿನಲ್ಲಿ ಸ್ಕೋರು ನೋಡುತ್ತ ಕೂತು, ಎತ್ತಿದ ಕಬ್ಬಿಣ ಗಾಳಿಯಲ್ಲೇ ತೂಗುತ್ತಿತ್ತು. ಕೈ ನಡುಗುತ್ತದೆಂದು ಸಣ್ಣಮಾದಯ್ಯನವರಿಗೆ ಮೆಮೊ ಬಂತು. ಇನ್ನೊಮ್ಮೆ ನಿಂತರೆ ಸಸ್ಪೆಂಡ್. ಅವರ ನಿವೃತ್ತಿಗೆ ಎರಡೇ ವರ್ಷವಿತ್ತು.

ಬೆಳಗಿನ ಟೀ ಹೊತ್ತಿನಲ್ಲಿ ಅವರು ಕಾಗದ ಚಾಚಿದರು. "ಓದವ್ವ. ಇಪ್ಪತ್ತೆಂಟು ವರ್ಸ ಈ ಕೈ ಅಳುಕಿಲ್ಲ. ಈಗ ನಡುಗ್ತದಂತೆ, ಬರ್ದವ್ರೆ."

"ತಪ್ಪು ನಿಮ್ಮ ಕೈದಲ್ಲ ಕಣಣ್ಣ."

"ಮತ್ಯಾರ್ದು?"

ಅವಳು ಕಾಗದ ಮಡಚಿ ವಾಪಸು ಕೊಟ್ಟಳು. ಲೋಟದಲ್ಲಿ ಟೀ ಕೆನೆಗಟ್ಟಿತು.

ಮಧ್ಯಾಹ್ನ ಕ್ರೇನು ನಿಲ್ಲಿಸಲು ಹೇಳಿ, ಕಂಪ್ಯೂಟರನ್ನು ಚೀಲದಲ್ಲಿ ಹೊತ್ತು ಏಣಿ ಹತ್ತಿ, ಅದರಿಂದ ಪೆಟ್ಟಿಗೆಗೆ ನೇರ ತಂತಿ ಸಿಕ್ಕಿಸಿದಳು. ಒಂದೊಂದೇ ನಂಬರು ಅಳಿಸುತ್ತ ಹೋದಳು. ಒಂದೊಂದರ ಹಿಂದೆಯೂ ಒಂದು ಮುಖ, ಒಂದು ನಗು. ಕ್ರೇನಿನ ಐದರ ಜೊತೆ ಕೊನೆಗುಳಿದದ್ದು ತನ್ನದೇ. ಅದಿದ್ದರೆ ನಾಳೆ ಮತ್ತೊಬ್ಬರು ಮೇಜಿನ ಮುಂದೆ ನಿಲ್ಲುತ್ತಾರೆ, ಕುರ್ಚಿಯಲ್ಲಿ ಕೂತಲ್ಲೇ ತಾನು ಸೇರಿಸಿಬಿಡುತ್ತೇನೆ. ತನ್ನ ಗುಣ ಅವಳಿಗೆ ಗೊತ್ತಿತ್ತು. ಅದನ್ನೂ ಅಳಿಸಿದಳು. ಇನ್ನು ಯಾರ ನಂಬರು ಸೇರಬೇಕಾದರೂ ತಂತಿ ಹಿಡಿದು ಇಪ್ಪತ್ತಡಿ ಹತ್ತಬೇಕು.

ಇಳಿದಾಗ ಮಹದೇವಪ್ರಸಾದ್ ಕಾಯುತ್ತಿದ್ದರು. "ಏನ್ ಮೇಡಂ, ನಮ್ದು ಬರ್ತಾನೇ ಇಲ್ವಲ್ಲ?"

"ನಂದೂ ಬರಲ್ಲ ಸಾರ್."

"ಮತ್ತೆ ಹಾಕ್ಬುಡಿ."

"ಏಣಿ ಅಲ್ಲೇ ಅದೆ. ಹತ್ತಿ."

ಅವರು ಏಣಿ ನೋಡಿದರು, ತಮ್ಮ ಹೊಟ್ಟೆ ನೋಡಿಕೊಂಡರು, ಗೊಣಗುತ್ತ ಹೊರಟರು.

ಅವಳು ಬಿಳಿ ಹಾಳೆ ತೆಗೆದು ಮ್ಯಾನೇಜರಿಗೆ ಬರೆದಳು: ಕ್ರೇನು ನಿಂತದ್ದಕ್ಕೆ ಪಟ್ಟಿ ಕಾರಣ, ಪಟ್ಟಿ ಬೆಳೆಸಿದ್ದು ನಾನು. ಕೆಳಗೆ ಸಹಿ ಹಾಕಿದಳು. ಮುಂದಿನ ಮೆಮೊ ಯಾರ ಹೆಸರಿಗೆಂದು ಗೊತ್ತಿತ್ತು.

ಹೊರಗೆ ಕ್ರೇನು ಹೊರಟಿತು. ಶೆಡ್ಡಿನ ಈ ತುದಿಯಿಂದ ಆ ತುದಿಗೆ, ನಿಲ್ಲದೆ. ಸಣ್ಣಮಾದಯ್ಯ ಗುಂಡಿ ಬಿಟ್ಟು, ಎರಡೂ ಅಂಗೈ ತಿರುಗಿಸಿ ತಿರುಗಿಸಿ ನೋಡಿಕೊಂಡರು.