ಗಂಗಾಜಲ ತಡೆದ ಕೈ

ಕೋಣನಕುಂಟೆಯ ವೃದ್ಧಾಶ್ರಮದಲ್ಲಿ ಅಪ್ಪನನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಹುಬ್ಬಳ್ಳಿ ಕಡೆಯವರು. ಲೋಟ ಉರುಳಲಿ, ಜ್ವರ ಏರಲಿ, ಅವರದು ಒಂದೇ ಮಾತು: "ತಡೀರಿ, ನಾ ನೋಡ್ತೀನಿ."

ಒಂದು ಬೆಳಿಗ್ಗೆ ನಾನೂ ಸೋದರತ್ತೆಯೂ ಹೋಗಿದ್ದಾಗ, ಮಾತಾಡುತ್ತಿದ್ದ ಹಾಗೇ ಅಪ್ಪ ಕುಸಿದರು. ಉಸಿರು ನಿಂತಿತ್ತು. ಅತ್ತೆ ಅಳುತ್ತಲೇ ಬ್ಯಾಗಿನಿಂದ ಗಂಗಾಜಲದ ಗಿಂಡಿ ತೆಗೆದು ಬಾಯಿಗೆ ಬಿಡಲು ಬಂದರು. ಓಡಿಬಂದ ನರ್ಸ್ ಆ ಕೈ ಸರಿಸಿದರು. "ತಡೀರಿ, ನಾ ನೋಡ್ತೀನಿ." ಮಂಡಿಯೂರಿ ಅಪ್ಪನ ಎದೆ ಒತ್ತತೊಡಗಿದರು.

"ಹೋಗೋ ಜೀವಕ್ಕೆ ಯಾಕಮ್ಮ ಈ ಹಿಂಸೆ?" ಅಂದರು ಅತ್ತೆ.

ನರ್ಸ್ ನಿಲ್ಲಿಸಲಿಲ್ಲ. ಆಂಬುಲೆನ್ಸಿನಲ್ಲಿ ಬಂದ ಡಾಕ್ಟರು ಸಾಕು ಎಂದ ಮೇಲೆಯೇ ಕೈ ತೆಗೆದದ್ದು. ಅಪ್ಪನನ್ನು ಅಷ್ಟು ಸುಲಭಕ್ಕೆ ಬಿಟ್ಟುಕೊಡದ ಆ ಕೈಗಳಿಗೆ ಈಗಲೂ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಆಮೇಲೆ ಅದೇ ಕೈಗಳಿಂದ ಅಪ್ಪನ ತಲೆಯನ್ನು ಮೆಲ್ಲಗೆ ಎತ್ತಿ ಹಿಡಿದು, ಅತ್ತೆಯ ಕಡೆ ತಿರುಗಿ ಹೇಳಿದರು: "ಈಗ ಹಾಕ್ರಿ, ಅಮ್ಮಾ."