ಪಾಚಿಗೆ ಬೆಳಕು ಯಾಕೆ ಅಂದವರು

ಸಕಲೇಶಪುರದ ಒಂದು ಕಾಲೇಜಿನ ಲ್ಯಾಬಿನಲ್ಲಿ ನಾನು ಅಟೆಂಡರ್. ಅಲ್ಲಿ ನನ್ನ ತಲೆಗೆ ಕಟ್ಟಿದ ಒಂದು ತಪ್ಪನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಹೊಸದಾಗಿ ಬಂದ ಲೆಕ್ಚರರ್ ಮೇಡಂಗೆ ನಮ್ಮೂರು ಪಾಳ್ಯದ ಗದ್ದೆಯಿಂದ ನೀಲಿ-ಹಸಿರು ಪಾಚಿ ತಂದುಕೊಟ್ಟವಳು ನಾನೇ, ಉಪ್ಪಿನಕಾಯಿ ಬಾಟಲಿಯಲ್ಲಿ. "ಪಾಚಿ ಅಂತೀವಿ ಅಷ್ಟೇ ಅಕ್ಕ, ಇದು ಬ್ಯಾಕ್ಟೀರಿಯಾ. ಗಿಡದ ಹಾಗೆ ಬೆಳಕಿಂದ ಊಟ ಮಾಡ್ಕೊಳ್ಳುತ್ತೆ," ಅಂದರು. ಅದು ಚಳಿಗೆ ಹೇಗೆ ಒಗ್ಗುತ್ತದೆಂದು ಅವರು ನೋಡಬೇಕಿತ್ತು. ಗಾಜಿನ ಬಾಗಿಲಿನ ಫ್ರಿಜ್ಜಿನಲ್ಲಿ ಟೆಸ್ಟ್‌ಟ್ಯೂಬುಗಳನ್ನಿಟ್ಟು, ಹೊರಗೆ ಒಂದು ಟೇಬಲ್ ದೀಪ ಉರಿಸಿಟ್ಟು, ದಿನದಿನಕ್ಕೂ ಸ್ವಲ್ಪಸ್ವಲ್ಪ ತಂಪು ಹೆಚ್ಚಿಸುತ್ತಿದ್ದರು.

ನಡುವೆ ಅವರಿಗೆ ಒಂದು ವಾರ ಟ್ರೈನಿಂಗ್ ಬಂತು. "ತಂಪು ಹೆಚ್ಚಿಸೋದು ನಿಮ್ಮ ಜವಾಬ್ದಾರಿ. ದೀಪ ಮಾತ್ರ ಆರಿಸಬೇಡಿ ಅಕ್ಕ," ಎಂದು ಹೇಳಿ ಹೋದರು.

ಮಾರನೇ ದಿನವೇ ವಿಭಾಗದ ಮುಖ್ಯಸ್ಥರು ಬಂದರು.

"ಪಾಚಿಗೆ ಬೆಳಕು ಯಾಕಮ್ಮ? ಕರೆಂಟು ದಂಡ."

"ಆರಿಸ್ಬೇಡಿ ಅಂತ ಮೇಡಂ ಹೇಳವ್ರೆ ಸಾರ್."

"ನನಗೇ ಪಾಠ ಹೇಳ್ತೀಯಾ?"

ದೀಪವನ್ನೇ ಕಿತ್ತು ತಮ್ಮ ರೂಮಿಗೆ ಒಯ್ದರು. ಮೇಡಂಗೆ ಫೋನ್ ಮಾಡಿದೆ, ಸಿಗಲಿಲ್ಲ. ಅವರು ವಾಪಸ್ ಬರುವಷ್ಟರಲ್ಲಿ ಹಸಿರೆಲ್ಲ ಬಿಳಿಚಿಕೊಂಡು ತಳಕ್ಕೆ ಇಳಿದಿತ್ತು.

ಆಮೇಲೆ ಮುಖ್ಯಸ್ಥರಿಂದ ಬಂದದ್ದು ಮೆಮೊ: ಅಟೆಂಡರ್ ಅವರ ಅಜಾಗರೂಕತೆಯಿಂದ ಪ್ರಯೋಗ ಹಾಳಾಗಿದೆ, ಸಹಿ ಮಾಡತಕ್ಕದ್ದು. "ದೀಪ ತಗೊಂಡು ಹೋದೋರು ನೀವಲ್ವಾ ಸಾರ್?" ಅಂದೆ. "ಯಾವ ದೀಪ?" ಅಂದರು, ಅದೇ ದೀಪದ ಕೆಳಗೆ ಪೇಪರ್ ಓದುತ್ತ! ನಾನು ಸಹಿ ಮಾಡಲಿಲ್ಲ.

ಮೇಡಂ ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. "ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗಲ್ವಾ, ಹಾಗೇ ಇದರ ಮೈ ಸುತ್ತಲಿನ ಜಿಡ್ಡಿನ ಪೊರೆಯೂ ಬಿಗಿಯಾಗುತ್ತೆ. ಅದನ್ನ ಮತ್ತೆ ಮೆದು ಮಾಡ್ಕೊಳ್ಳೋಕೆ ಇದಕ್ಕೆ ಬೆಳಕು ಬೇಕು ಅಂತ ನನ್ನ ಅಂದಾಜು."

"ಹಂಗಾದ್ರೆ ಸಾರ್‌ಗೇ ತೋರ್ಸೋಣ ಕಣ್ರೀ ಮೇಡಂ," ಅಂದೆ.

ಇನ್ನೊಂದು ಬಾಟಲಿ ಪಾಚಿ ತಂದೆ. ಅರ್ಧ ಟ್ಯೂಬುಗಳಿಗೆ ಕಪ್ಪು ಕಾಗದ ಸುತ್ತಿದೆವು, ಅರ್ಧ ಹಾಗೇ ಬಿಟ್ಟೆವು. ಅದೇ ಫ್ರಿಜ್ಜು, ಅದೇ ಶೆಲ್ಫು, ಅದೇ ತಂಪು. ದೀಪ ಮಾತ್ರ ಹೊಸದು. ಪ್ರಯೋಗದ ಕೊನೆಯ ದಿನ ಸಾರ್ ಅವರನ್ನು ಕರೆದು ಅವರೆದುರೇ ಕಾಗದ ಬಿಚ್ಚಿದೆ. ಸುತ್ತಿದ್ದವೆಲ್ಲ ಅಕ್ಕಿ ತೊಳೆದ ನೀರಿನಂತಿದ್ದವು. ಬೆಳಕು ಕಂಡವು ಹಸಿರಾಗೇ ಇದ್ದವು.

ಅವರು ಒಂದು ಗಳಿಗೆ ಬಗ್ಗಿ ನೋಡಿದರು. "ಆಯ್ತು ಬಿಡಮ್ಮ, ಇಷ್ಟಕ್ಕೆ ಇಷ್ಟೊಂದು ರಂಪ," ಎಂದು ಹೊರಟರು. ತಪ್ಪಾಯಿತು ಅನ್ನಲಿಲ್ಲ. ಮೆಮೊ ಹರಿಯಲೂ ಇಲ್ಲ.

ಅದೇ ಸಂಜೆ ಆಫೀಸಿಗೆ ಹೋಗಿ ಮೆಮೊ ಕೇಳಿ ತೆಗೆಸಿದೆ. ಏನಾಯಿತು, ಯಾರು ಏನು ಮಾಡಿದರು, ಎಲ್ಲವನ್ನೂ ಅದರ ಕೆಳಗೆ ನನ್ನ ಕೈಯಾರೆ ಬರೆದೆ. ಸಿಟ್ಟಿಗೆ ಅಕ್ಷರ ಸೊಟ್ಟಗಾದವು. ಆಮೇಲೇ ಸಹಿ ಹಾಕಿದ್ದು. ಜೊತೆಗೆ ಬಂದಿದ್ದ ಮೇಡಂ, ಯಾರೂ ಕೇಳದೆಯೇ, ಪಕ್ಕದಲ್ಲಿ ತಮ್ಮ ಸಹಿಯನ್ನೂ ಹಾಕಿದರು.