ಹಿಟ್ಟು ಮೆತ್ತಿದ ಬೆರಳು

ಗುಲಾಬಿಯಕ್ಕನ ಬಲಗೈಯ ತೋರುಬೆರಳು ಯಾವಾಗಲೂ ಬೆಳ್ಳಗಿರುತ್ತಿತ್ತು. ಅದು ಮೈದಾಹಿಟ್ಟು. ಮಾತಾಡುವಾಗ ಆ ಬೆರಳಿನಿಂದ ಎದುರಿನವರ ಭುಜಕ್ಕೆ ಚುಚ್ಚುವ ಅಭ್ಯಾಸ ಬೇರೆ. ಹಾಗಾಗಿ ಅವರ ಬೇಕರಿಯಲ್ಲಿ ಬೈಸಿಕೊಂಡು ಬಂದವರನ್ನು ಪುಂಜಾಲಕಟ್ಟೆ ಪೇಟೆಯಲ್ಲಿ ಸುಲಭವಾಗಿ ಗುರುತಿಸಬಹುದಿತ್ತು. ಅಂಗಿಯ ಮೇಲೊಂದು ಬಿಳಿ ಚುಕ್ಕೆ. ಪಕ್ಕದ ಮನೆಯವಳಾದ ನಾನು ಕಾಲೇಜಿಗೆ ಹೋಗುತ್ತಿದ್ದುದೇ ಆ ಚುಕ್ಕೆ ಹೊತ್ತು.

ಬೇಕರಿಯ ಹಿಂದಿನ ಕೋಣೆಯಲ್ಲಿ ಕಬ್ಬಿಣದ ದೊಡ್ಡ ಸೌದೆ ಒಲೆ ಇತ್ತು. ಅದರ ಬಾಗಿಲಿನ ಅಂಚಿಗೆ ಸುತ್ತಲೂ ಕೂರಿಸಿದ್ದ, ಹೊಗೆ ಸೋರದಂತೆ ತಡೆಯುವ, ಬೆಂಕಿಗೆ ಸುಡದ ಗ್ಯಾಸ್ಕೆಟ್ ಹಗ್ಗ ಸವೆದು ನಾರುನಾರಾಗಿ ಎಷ್ಟೋ ಕಾಲವಾಗಿತ್ತು. ಅದನ್ನು ಬದಲಿಸದೆ ಗುಲಾಬಿಯಕ್ಕ ಪ್ರತಿ ಸಲ ಬಾಗಿಲಿನ ಸಂದಿಗೆ ಹಿಟ್ಟು ಮೆತ್ತುತ್ತಿದ್ದರು, ಬಿರಿಯಾನಿ ಪಾತ್ರೆಗೆ ಮೆತ್ತುವ ಹಾಗೆ. ಬ್ರೆಡ್ ಬೆಂದ ಮೇಲೆ ಆ ಸೀದ ಹಿಟ್ಟು ಕೋಳಿಗಳಿಗೆ.

ಮೂಡುಬಿದಿರೆಯಲ್ಲಿರುವ ಮಗಳು, ಬಂದು ನಾಲ್ಕು ದಿನ ಇರು ಎಂದಾಗಲೆಲ್ಲ ಒಂದೇ ಉತ್ತರ: "ಬಾಗಿಲಿಗೆ ಮೆತ್ತುವವರು ಯಾರು? ಜಯಂತ ಮೆತ್ತಿದ್ರೆ ಬ್ರೆಡ್ ಒಲೆಯೊಳಗೆ, ಹೊಗೆ ಕೋಣೆಯೊಳಗೆ." ಜಯಂತ ಅಲ್ಲಿ ಕೆಲಸಕ್ಕಿದ್ದವನು. ಅವನೂ ನಗುತ್ತಿದ್ದ.

ಕಳೆದ ಚಳಿಗಾಲದ ಒಂದು ಬೆಳಿಗ್ಗೆ ಬ್ರೆಡ್ ತರಲು ಹೋದೆ. ಜಯಂತ ಅಂಗಡಿಗಳಿಗೆ ರಸ್ಕ್ ಕೊಡಲು ಹೋಗಿದ್ದ. ಗುಲಾಬಿಯಕ್ಕನನ್ನು ಕರೆದರೆ ಉತ್ತರವಿಲ್ಲ, ಕರೆದವರಿಗೆ ಬೈಗುಳವನ್ನಾದರೂ ಕೊಡದೆ ಇರುವವರಲ್ಲ ಅವರು. ಹಿಂದೆ ಹೋಗಿ ನೋಡಿದರೆ ಹಿಟ್ಟು ಉಬ್ಬಲೆಂದು ಕಿಟಕಿಗಳನ್ನೆಲ್ಲ ಮುಚ್ಚಿದ್ದರು. ಶಾಖ ಹೋಗಬಾರದೆಂದು ಹೊಗೆ ಕೊಳವೆ ಮುಚ್ಚುವ ತಗಡನ್ನೂ ಎಳೆದಿದ್ದರು. ಒಲೆಯಲ್ಲಿ ಕೆಂಡ ಮಾತ್ರ. ಬಾಗಿಲಿಗೆ ಮೆತ್ತಿದ ಹಿಟ್ಟು ಒಣಗಿ ಬಿರಿದಿತ್ತು. ಗುಲಾಬಿಯಕ್ಕ ಮೈದಾ ಚೀಲಕ್ಕೆ ಒರಗಿ ಕೂತಿದ್ದರು.

"ಸ್ವಲ್ಪ ನಿದ್ರೆ ಬರ್ತಾ ಉಂಟು," ಎಂದರು.

ಕೋಣೆಯಲ್ಲಿ ಹೊಗೆ ಇರಲಿಲ್ಲ. ವಾಸನೆಯೂ ಇರಲಿಲ್ಲ. ಇವತ್ತಿಗೂ ನನ್ನನ್ನು ಹೆದರಿಸುವುದು ಅದೇ. ಆಯಾಸ ಎಂದುಕೊಂಡು ನೀರು ತರಲು ತಿರುಗಿದೆ. ನನ್ನ ತಲೆಯೂ ಸಿಡಿಯತೊಡಗಿದಾಗ ಮಾತ್ರ ಕೆಂಡದ ವಿಷಗಾಳಿ ನೆನಪಾಯಿತು. ಅವರ ಕಂಕುಳಿಗೆ ಕೈಹಾಕಿ ಅಂಗಳಕ್ಕೆ ಎಳೆದೆ. ರಿಕ್ಷಾದಲ್ಲಿ ಆಸ್ಪತ್ರೆ ಸೇರುವವರೆಗೆ ಅವರ ತಲೆ ನನ್ನ ತೊಡೆಯ ಮೇಲಿತ್ತು. ತಲೆ ಸಿಡಿಯದೆ ಇದ್ದಿದ್ದರೆ? ನಾನು ಬ್ರೆಡ್ ಎತ್ತಿಕೊಂಡು ಹೊರಟುಬಿಟ್ಟಿದ್ದರೆ? ಬೇಕರಿಯ ಮುಂದೆ ಹಾದುಹೋಗುವಾಗಲೆಲ್ಲ ಇದು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಆಸ್ಪತ್ರೆಯಿಂದ ಬಂದ ಮರುದಿನವೇ ಅವರು ಸೌದೆ ಜೋಡಿಸುತ್ತಿದ್ದರು. ಹಿಟ್ಟು ಇನ್ನೂ ದಪ್ಪಗೆ ಮೆತ್ತಿದರಾಯಿತಂತೆ. ನಾನು ಒಲೆಯ ಮುಂದೆ ಕೂತೆ.

"ಹಗ್ಗ ಹಾಕದೆ ಬೆಂಕಿ ಹಾಕುವುದಾದ್ರೆ ನಾನು ಏಳುವುದಿಲ್ಲ, ಗುಲಾಬಿಯಕ್ಕ."

"ಕೂತ್ಕೋ ಮಾರಾಯ್ತಿ. ನಿನ್ನನ್ನೂ ಸೇರಿಸಿ ಬೇಯಿಸ್ತೇನೆ."

ನನಗೆ ನಗು ಬರಲಿಲ್ಲ, ಅಳು ಬಂತು. ಅವರು ಸೌದೆ ಕೆಳಗಿಟ್ಟರು.

ಬಿ.ಸಿ.ರೋಡ್ ಪೇಟೆಯಿಂದ ಹೊಸ ಹಗ್ಗವನ್ನೂ ಶಾಖ ತಡೆಯುವ ಅಂಟನ್ನೂ ತಂದೆ. ಕಿಟಕಿಗಳನ್ನೆಲ್ಲ ತೆರೆದು, ತಣ್ಣಗಾದ ಬಾಗಿಲನ್ನು ಕಳಚಿ, ಹಳೆಯ ನಾರನ್ನೂ ಕರಿಯನ್ನೂ ಇಬ್ಬರೂ ಕೆರೆದೆವು. ಅಂಟು ಹಚ್ಚಿ ಹಗ್ಗ ಕೂರಿಸುವಾಗ ಮೂಲೆಗೆ ಬಂದಲ್ಲಿ ನಾನು ಎಳೆದೆ. ಭುಜಕ್ಕೆ ಬೆರಳು ಚುಚ್ಚಿತು. "ಎಳೆಯಬೇಡ. ಸಪೂರ ಆಗಿ ಸಂದಿ ಬಿಡ್ತದೆ." ಅಂಟು ಒಣಗಿದ ಮೇಲೆ ಬಾಗಿಲನ್ನು ಮತ್ತೆ ಕೂರಿಸಿ, ಸಂದಿಗೆ ಕಾಗದದ ಚೂರೊಂದನ್ನು ಇಟ್ಟು ಮುಚ್ಚಿ, ಚೂರನ್ನು ಎಳೆದು ನೋಡಿದೆ, ಕಾಗದ ಹರಿಯಿತೇ ಹೊರತು ಜಾರಲಿಲ್ಲ. ಗುಲಾಬಿಯಕ್ಕ ಸುತ್ತಲೂ ಹಾಗೆಯೇ ಕಾಗದ ಇಟ್ಟಿಟ್ಟು ಹರಿದರು, ಮಕ್ಕಳ ಆಟದಂತೆ. ಆಮೇಲೆ ಜಯಂತನನ್ನು ಕರೆದು, ನೀನು ಮುಚ್ಚು ನೋಡುವ ಎಂದರು. ಅವನು ಮುಚ್ಚಿದ. ಕಾಗದ ಆಗಲೂ ಹರಿಯಿತು.

ಗುಲಾಬಿಯಕ್ಕ ಬಾಗಿಲಿನ ಅಂಚಿನ ಮೇಲೆ ಬೆರಳಾಡಿಸಿದರು. "ಇನ್ನು ಯಾರು ಮುಚ್ಚಿದ್ರೂ ಆಗ್ತದೆ, ಅಲ್ವಾ?"

ಕಳೆದ ವಾರ ಅವರು ಮೂಡುಬಿದಿರೆಗೆ, ಮಗಳ ಬಾಣಂತನಕ್ಕೆ ಹೊರಟರು. ಬಸ್ಸು ಹತ್ತಿಸಲು ನಾನೇ ಹೋಗಿದ್ದೆ. ಬಸ್ಸು ಹೊರಟ ಮೇಲೂ ಕಿಟಕಿಯಿಂದ ಕೈ ಹೊರಹಾಕಿ, ಬೇಕರಿಯ ಕಿಟಕಿ ಮುಚ್ಚಬೇಡಿ, ಕೊಳವೆಯ ತಗಡು ಎಳೆಯಬೇಡಿ, ಕಾಗದ ಇಟ್ಟು ನೋಡಿ ಎಂದು ಬೆರಳು ಆಡಿಸುತ್ತಲೇ ಇದ್ದರು. ಮನೆಗೆ ಬಂದು ಭುಜ ನೋಡಿಕೊಂಡೆ. ಚುಕ್ಕೆ ಇರಲಿಲ್ಲ.